‘ಮಜ್ಜಿಗೆಗೆ ಅನ್ನ’: ಪುತ್ತೂರು ಸೀಮೆಯ ಊಟದಲ್ಲೊಂದು ಚತುರ್ಥೀ ವಿಭಕ್ತಿ

ಮೊಸರನ್ನದ ಪ್ರಸ್ತಾಪ ಬಂದಲ್ಲೆಲ್ಲ ‘ದಧ್ಯೋದನ’ವೂ ಜತೆಗೇ ಬರುತ್ತದೆ. ಅಷ್ಟಾಧ್ಯಾಯಿಯ 2.1.34ನೆಯ ಸೂತ್ರಕ್ಕೆ ಕಾಶಿಕಾವೃತ್ತಿ ಕೊಡುವ ಉದಾಹರಣೆ ಅದು. ದಕ್ಷಿಣ ಭಾರತದ ಮೊಸರನ್ನವನ್ನು ಈ ಪರಂಪರೆಯ ಮುಂದುವರಿಕೆಯೆಂದು ಕಾಣುವುದು ವಾಡಿಕೆ. ದೇವಸ್ಥಾನದ ನೈವೇದ್ಯದ ಮಟ್ಟಿಗೆ ಅದನ್ನು ಒಪ್ಪಲು ಅಡ್ಡಿಯಿಲ್ಲ. ಆದರೆ ಪುತ್ತೂರು, ಸುಳ್ಯ, ಮತ್ತು ಇವೆರಡರಿಂದ ಬೇರ್ಪಟ್ಟು ತಾಲೂಕಾದ ಕಡಬ, ಇಲ್ಲಿನ ಮನೆಯೂಟಕ್ಕೆ ಆ ವಿವರಣೆ ಹೊಂದುವುದಿಲ್ಲವೆಂಬುದು ನನ್ನ ವಾದ.

ಕಾಶಿಕಾಕಾರರ ವಿವರಣೆಯನ್ನೇ ನೋಡೋಣ. ಅನ್ನ ಸಂಸ್ಕಾರ್ಯ, ಮೊಸರು ಸಂಸ್ಕಾರಕ. ಮೊಸರಿನಿಂದ ನೆನೆದ ಅನ್ನವೇ ದಧ್ಯೋದನ. ‘ನೆನೆದ’ ಎಂಬ ಕ್ರಿಯೆ ಸಮಾಸದ ಒಳಗೇ ಅಡಗಿದೆ. ಎಂದರೆ, ಹೆಸರು ಹೇಳುವ ಹೊತ್ತಿಗೆ ಕಲಸುವ ಕೆಲಸ ಮುಗಿದಿರುತ್ತದೆ. ಅಡುಗೆಮನೆಯಿಂದ ಹೊರಬರುವುದು ಸಿದ್ಧವಾದ ಒಂದೇ ಪದಾರ್ಥ. ಕನ್ನಡದ ‘ಮೊಸರನ್ನ’ವೂ ಹಾಗೆಯೇ, ಚಿತ್ರಾನ್ನದ ಸಾಲಿನದು.

ಈಗ ಪುತ್ತೂರಿನ ಕಡೆಯ ಒಂದು ಹವ್ಯಕ ಊಟದ ಪಂಕ್ತಿಗೆ ಬನ್ನಿ. ಸಾರು, ಸಾಂಬಾರು, ಮೇಲಾರ, ಪಾಯಸ ಎಲ್ಲ ಆದ ಮೇಲೆ ಬಡಿಸುವವರು ಅನ್ನದ ಪಾತ್ರೆ ಹಿಡಿದು ಇನ್ನೊಮ್ಮೆ ಬರುತ್ತಾರೆ. ಅವರು ಕೂಗುವುದು ‘ಮಜ್ಜಿಗೆಗೆ ಅನ್ನ’ ಎಂದು. ಮನೆಮಾತಿನಲ್ಲಾದರೆ ‘ಮಜ್ಜಿಗೆಗೆ ಅಶನ’. ಉಣ್ಣುವವರು ಅನ್ನದ ನಡುವೆ ಬೆರಳಿನಿಂದ ಗುಂಡಿ ಮಾಡಿ, ಸುತ್ತ ಸಣ್ಣ ಕಟ್ಟ ಕಟ್ಟಿಕೊಂಡು ಕಾಯುತ್ತಾರೆ. ಮಜ್ಜಿಗೆ ಬೀಳುತ್ತದೆ, ಎಲೆಯ ತುದಿಗೆ ಹರಿಯುವ ಮೊದಲೇ ಅಂಗೈ ಅದನ್ನು ತಡೆಯುತ್ತದೆ. ಬದಿಗೆ ಮಿಡಿ ಉಪ್ಪಿನಕಾಯಿ. ಇಲ್ಲಿ ಕಲಸುವ ಕ್ರಿಯೆ ಹೆಸರಿನೊಳಗೆ ಮುಗಿದಿಲ್ಲ. ಅದು ಉಣ್ಣುವವನ ಕೈಗೆ ಬಿಟ್ಟದ್ದು. ಸಂಸ್ಕೃತ ಸಮಾಸ ತೃತೀಯಾರ್ಥವನ್ನು ನುಂಗಿಕೊಂಡರೆ, ಇಲ್ಲಿನ ಮಾತು ಚತುರ್ಥಿಯನ್ನು ಎದ್ದು ಕಾಣುವಂತೆ ಉಳಿಸಿಕೊಂಡಿದೆ.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಒಂದು, ‘ಸಾರಿಗೆ ಅನ್ನ’ ಎಂದೂ ಹೇಳುತ್ತಾರಲ್ಲ? ನಿಜ, ಹೇಳುತ್ತಾರೆ. ಚತುರ್ಥಿ ಮಜ್ಜಿಗೆಯೊಂದರದೇ ಸೊತ್ತೆಂದು ನಾನು ಹೇಳುತ್ತಿಲ್ಲ. ಮಜ್ಜಿಗೆ ಇಲ್ಲಿ ಸಾರು, ಸಾಂಬಾರುಗಳಂತೆ ಊಟದ ಒಂದು ಸರದಿ, ಅನ್ನದ ಒಂದು ಬಗೆಯಲ್ಲ ಎಂಬುದಕ್ಕೆ ಆ ಹೋಲಿಕೆಯೇ ಆಧಾರವಾಗುತ್ತದೆ. ಎರಡನೆಯದು ಹೆಚ್ಚು ಗಟ್ಟಿ: ‘ರಾತ್ರಿ ಬರೀ ಮಜ್ಜಿಗೆ ಅನ್ನ ಉಂಡೆ’ ಎಂದು ವಿಭಕ್ತಿಯಿಲ್ಲದೆಯೂ ಹೇಳುವುದುಂಟು. ಆಗ ಕ್ರಿಯಾಪದವನ್ನು ನೋಡಬೇಕು. ಮೊಸರನ್ನವನ್ನು ‘ಮಾಡು’ತ್ತಾರೆ, ಮಜ್ಜಿಗೆ ಅನ್ನವನ್ನು ‘ಉಣ್ಣು’ತ್ತಾರೆ. ‘ಮಜ್ಜಿಗೆ ಅನ್ನ ಮಾಡಿದೆ’ ಎಂದು ಅಜ್ಜಿಯಾಗಲಿ ಅತ್ತೆಯಾಗಲಿ ಹೇಳಿದ್ದನ್ನು ನಾನು ಕೇಳಿಲ್ಲ.

ಈ ವ್ಯತ್ಯಾಸಕ್ಕೆ ಕಾರಣ ಅಕ್ಕಿಯಲ್ಲೂ ಹಟ್ಟಿಯಲ್ಲೂ ಇದೆ. ಕುಚ್ಚಲಕ್ಕಿಯ ಭತ್ತ ಮೊದಲೇ ಬೆಂದು ಒಣಗಿದ್ದು. ಅದರ ಪಿಷ್ಟ ಕಾಳಿನೊಳಗೇ ಗಟ್ಟಿಯಾಗಿರುತ್ತದೆ. ತೆಳಿ ಬಸಿದ ಮೇಲೆ ಅಗುಳು ಅಗುಳಾಗಿ ನಿಲ್ಲುತ್ತದೆ, ಮಿದಿದರೂ ಮುದ್ದೆಯಾಗದು. ಬೆಳ್ತಿಗೆ ಅನ್ನದಂತೆ ಮೊಸರನ್ನು ಹೀರಿ ಕೂರುವ ಗುಣ ಅದಕ್ಕಿಲ್ಲ. ಅಗುಳುಗಳ ನಡುವೆ ಹರಿದಾಡುವ ತೆಳು ಮಜ್ಜಿಗೆಯೇ ಅದಕ್ಕೆ ಸರಿ. ಇನ್ನು ಹಟ್ಟಿ. ಮಲೆನಾಡು ಗಿಡ್ಡ ತಳಿಯ ದನ ಕೊಡುವ ಹಾಲು ಸ್ವಲ್ಪ. ಅದನ್ನು ಹೆಪ್ಪು ಹಾಕಿ, ಕಡೆದು, ಬೆಣ್ಣೆ ತೆಗೆದು ತುಪ್ಪಕ್ಕಿಟ್ಟರೆ ಮನೆಮಂದಿಗೆಲ್ಲ ಸಾಕಾಗುವಷ್ಟು ಉಳಿಯುವುದು ನೀರು ಬೆರೆಸಿದ ಮಜ್ಜಿಗೆ ಮಾತ್ರ. ಗಟ್ಟಿ ಮೊಸರನ್ನು ಅನ್ನಕ್ಕೆ ಸುರಿಯುವುದು ನಿತ್ಯದ ಸಂಗತಿಯಾಗುವಂತಿರಲಿಲ್ಲ.

ಹಾಗಾದರೆ ಈ ಸೀಮೆಗೆ ಮೊಸರನ್ನ ಹೊರಗಿನದೇ? ಇಲ್ಲಿ ಎಚ್ಚರ ಬೇಕು. ದೂರ ಹೊರಟವರಿಗೆ ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿಕೊಡುತ್ತಿದ್ದ ಬುತ್ತಿ ಮೊಸರನ್ನವೇ. ಮಧ್ಯಾಹ್ನಕ್ಕೆ ಹುಳಿಯಾಗದಿರಲೆಂದು ಅದಕ್ಕೆ ಹಾಲು ಹೆಚ್ಚು, ಮೊಸರು ಕಡಿಮೆ. ಅಲ್ಲಿ ಬೇಕಾದದ್ದು ಬೆಳ್ತಿಗೆ, ಕಲಸುವ ಕೈ ತಾಯಿಯದು. ಆದ್ದರಿಂದ ನಾನು ಹೇಳಬಯಸುವುದು ಇಷ್ಟೇ, ಅದೂ ನಾನು ಉಂಡ, ಕೇಳಿದ ಮನೆಗಳ ಮಟ್ಟಿಗೆ: ಊಟ ಹೊಸಿಲು ದಾಟುವಾಗ ಸಮಾಸವಾಗುತ್ತದೆ, ಮನೆಯೊಳಗಿರುವಾಗ ವಿಭಕ್ತಿಯಾಗಿ ಉಳಿಯುತ್ತದೆ. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿಳಿದ ಮಗ ‘ಏನೂ ಬೇಡ, ಮಜ್ಜಿಗೆ ಅನ್ನ ಸಾಕು’ ಎಂದರೆ ಅವನು ಕೇಳುತ್ತಿರುವುದು ಒಗ್ಗರಣೆ ಹಾಕಿದ ಒಂದು ತಿಂಡಿಯನ್ನಲ್ಲ. ಪಂಕ್ತಿಯ ಕೊನೆಯ ಸರದಿಯನ್ನು, ತನ್ನ ಕೈಯಿಂದ ಕಲಸುವುದನ್ನು.

ಈ ವಾದ ಹವ್ಯಕ ಪಂಕ್ತಿಯ ಮಾತಿನ ಮೇಲೆ ನಿಂತಿದೆ. ಸುಳ್ಯದ ಅರೆಭಾಷೆ ಮನೆಗಳಲ್ಲೂ ಬ್ಯಾರಿ ಮನೆಗಳಲ್ಲೂ ‘ಮಾಡು’, ‘ಉಣ್ಣು’ಗಳ ಈ ಹಂಚಿಕೆ ನಿಲ್ಲುತ್ತದೆಯೇ, ಅನ್ನವನ್ನು ನುಪ್ಪು ಎನ್ನುವ ತುಳುವಿನಲ್ಲಿ ಆ ವಿಭಕ್ತಿ ಯಾವ ರೂಪ ತಾಳುತ್ತದೆ ಎಂಬುದನ್ನು ಆಯಾ ಭಾಷೆ ಬಲ್ಲವರು ಪಂಕ್ತಿಯಲ್ಲಿ ಕೂತೇ ಕೇಳಬೇಕಾಗಿದೆ. ಪ್ಯಾಕೆಟ್ ಮೊಸರು ಮನೆಮನೆಗೆ ಬಂದ ಮೇಲೆ ಕಡೆಗೋಲು ಅಟ್ಟ ಸೇರಿದ ಮನೆಗಳಲ್ಲಿ ಆ ಕೂಗು ಇನ್ನೂ ‘ಮಜ್ಜಿಗೆಗೆ’ ಎಂದೇ ಕೇಳುತ್ತಿದೆಯೇ ಎಂಬುದನ್ನೂ.