ಕೆರೆ ಹೋಯಿತು, ಮನೆ ಉಳಿಯಿತು

ಸೌತ್ ಡಕೋಟಾದ ಡಿ ಸ್ಮೆಟ್ ಎಂಬ ಪುಟ್ಟ ಊರಿನಲ್ಲಿ ಸರ್ವೆಯರ್‌ಗಳ ಮನೆ ಎಂದು ಕರೆಯುವ ಒಂದು ಮರದ ಮನೆಯಿದೆ. ಹೊಸಿಲು ದಾಟುತ್ತಿದ್ದಂತೆ ಬಾಯಿಗೆ ಬರುವ ಮಾತು ‘ಇಷ್ಟೇನಾ?’ ನಾನೂ ಹಾಗೇ ಅಂದೆ. 1879ರ ಚಳಿಗಾಲದಲ್ಲಿ ಹನ್ನೆರಡು ವರ್ಷದ ಲಾರಾ ಇಂಗಲ್ಸ್ ಇದರೊಳಗೆ ಕಾಲಿಟ್ಟಾಗ ಅವಳ ಕಣ್ಣಿಗೆ ಇದು ದೊಡ್ಡ ಬಂಗಲೆ. ಅಲ್ಲಿಯವರೆಗೆ ಅವಳು ಇದ್ದದ್ದು ರೈಲು ದಾರಿ ಹಾಕುವವರ ಬಿಡಾರದ ಗುಡಿಸಲಿನಲ್ಲಿ. ಅರವತ್ತು ವರ್ಷದ ಮೇಲೆ, 1939ರಲ್ಲಿ, ಸಿಲ್ವರ್ ಲೇಕ್ ದಡದ ಆ ದಿನಗಳನ್ನು ಪುಸ್ತಕ ಮಾಡಿದಾಗಲೂ ಲಾರಾ ಆ ಹುಡುಗಿಯ ಕಣ್ಣಿನಿಂದಲೇ ಬರೆದರು. ಹೀಗಾಗಿ ಓದಿದವರ ಮನಸ್ಸಿನಲ್ಲಿ ಮನೆ ಬೆಳೆಯುತ್ತಲೇ ಹೋಗಿದೆ. ಹಲಗೆಯ ಮನೆ ಮಾತ್ರ ಇದ್ದಷ್ಟೇ ಇದೆ.

ಲಾರಾ ಪುಸ್ತಕಗಳು ಕನ್ನಡಕ್ಕೂ ಬಂದಿವೆ. ‘ಹುಲ್ಲುಗಾವಲಿನಲ್ಲಿ ಪುಟ್ಟ ಮನೆ’ಯನ್ನು ನಮ್ಮೂರ ಲೈಬ್ರರಿಯ ಮರದ ಬೆಂಚಿನ ಮೇಲೆ ಕೂತು ಓದಿದವಳು ನಾನು. ಈ ದೇಶಕ್ಕೆ ಮೊದಲು ಬಂದ ನಮ್ಮ ಹಿರಿಯರ ನೆನಪಿಗಾಗಿ ಕನ್ನಡ ಕೂಟ ತರುತ್ತಿರುವ ಈ ಸಂಚಿಕೆಗೆ ಬರೆಯಲು ಕೇಳಿದಾಗ ತಕ್ಷಣ ನೆನಪಾದದ್ದು ಆ ಮನೆ.

ಅದನ್ನು ಕಟ್ಟಿದ್ದು ಷಿಕಾಗೋ ಅಂಡ್ ನಾರ್ತ್ ವೆಸ್ಟರ್ನ್ ರೈಲು ಕಂಪನಿಯ ಸರ್ವೆಯರ್‌ಗಳಿಗೆಂದು. ಚಳಿಗೆ ಅವರೆಲ್ಲ ಹಿಂದಿರುಗಿದರು. ಕಂಪನಿಯ ಸಾಮಾನು ಕಾಯಲು ಉಳಿದವರು ಲಾರಾಳ ತಂದೆ ಚಾರ್ಲ್ಸ್ ಮತ್ತು ಅವರ ಸಂಸಾರ. 1880ರ ಫೆಬ್ರವರಿಯಲ್ಲಿ ಊರಿನ ಮೊದಲ ಪ್ರಾರ್ಥನೆ ನಡೆದದ್ದೂ ಇದೇ ಕೋಣೆಯಲ್ಲಿ. ಆಗ ಊರೇ ಇರಲಿಲ್ಲ. ಬೇಸಿಗೆಗೆ ಬೀದಿಗಳೆದ್ದವು, ಬೆಲ್ಜಿಯಂನ ಪಾದ್ರಿಯೊಬ್ಬರ ಹೆಸರು ಊರಿಗೆ ಬಂತು.

ಮನೆ ಈಗ ಕೆರೆಯ ದಡದಲ್ಲಿಲ್ಲ. ಅದನ್ನು ಎಷ್ಟೋ ಹಿಂದೆಯೇ ಊರೊಳಕ್ಕೆ ಸಾಗಿಸಿ ನಿಲ್ಲಿಸಿದರು. ಕೆರೆಯ ನೀರನ್ನು ಆಮೇಲೆ ಬಸಿದುಬಿಟ್ಟರು. 1957ರಲ್ಲಿ ಲಾರಾ ತೀರಿಕೊಂಡ ವರ್ಷವೇ ಊರಿನವರು ಅವರ ಹೆಸರಿನಲ್ಲಿ ಒಂದು ಸ್ಮಾರಕ ಸಂಘ ಕಟ್ಟಿದರು. ಹತ್ತು ವರ್ಷ ಕಳೆದ ಮೇಲೆ ಆ ಸಂಘ ಮನೆಯನ್ನು ಕೊಂಡು, ರಿಪೇರಿ ಮಾಡಿ, ಜನರಿಗೆ ತೆರೆಯಿತು. ಸುಮಾರು 1,000 ಜನರ ಊರು ಅದು. ಅಷ್ಟು ಸಣ್ಣ ಊರಿಗೆ ಒಂದು ಹಳೆಯ ಮನೆಯ ಸೂರು ಕಾಯುವುದು ಎಂಥ ಹೊರೆ ಎಂದು ದೇವಸ್ಥಾನದ ಜೀರ್ಣೋದ್ಧಾರಕ್ಕೆ ರಸೀದಿ ಪುಸ್ತಕ ಹಿಡಿದು ಮನೆಮನೆ ಅಲೆದವರಿಗೆ ಹೇಳಬೇಕಿಲ್ಲ.

ಅದಕ್ಕೂ ಮೊದಲೇ ನೆಲ ಹದ ಮಾಡಿದ್ದು ಊರಿನ ವಾರಪತ್ರಿಕೆ, ಡಿ ಸ್ಮೆಟ್ ನ್ಯೂಸ್. 1930ರಲ್ಲಿ ಊರಿಗೆ 50 ತುಂಬಿದಾಗ ಅದು ಮೊದಲು ಬಂದು ನೆಲೆಸಿದವರ ನೆನಪುಗಳನ್ನು ಅಚ್ಚು ಮಾಡಿತು. ಮಿಸೌರಿಯಲ್ಲಿದ್ದ ಲಾರಾ ಒಂದು ಕವಿತೆ ಕಳಿಸಿಕೊಟ್ಟರು. ಆಗಿನ್ನೂ ಅವರ ಒಂದು ಪುಸ್ತಕವೂ ಬಂದಿರಲಿಲ್ಲ; ಹಳೆಯ ಊರಿಗೆ ಬರೆದ ಊರ ಮಗಳು, ಅಷ್ಟೆ. ನಾವು ಈಗ ಮಾಡುತ್ತಿರುವುದೂ ಅದೇ ಕೆಲಸ ಅಂತ ನನಗೆ ಅನಿಸುತ್ತದೆ. ಆ ಪತ್ರಿಕೆಯ ಸಂಪಾದಕ ಆಬ್ರಿ ಶೆರ್‌ವುಡ್ ಮುಂದೆ ಬಹುಕಾಲ ಲಾರಾ ಜೊತೆ ಪತ್ರ ವ್ಯವಹಾರ ಇಟ್ಟುಕೊಂಡು ಊರಿನ ನೆನಪನ್ನು ಕಾಪಾಡಿದರು.

ನನಗೆ ಇನ್ನೂ ಹತ್ತಿರವಾದದ್ದು ಮೂರನೇ ಬೀದಿಯ ಮನೆ. 1887ರಲ್ಲಿ ಚಾರ್ಲ್ಸ್ ತಾವೇ ಕಟ್ಟಿದ್ದು. ಲಾರಾ ಮದುವೆಯಾಗಿ ಎರಡು ವರ್ಷ ಆಗಿತ್ತು, ಹಾಗಾಗಿ ಮಕ್ಕಳು ಓದುವ ಕಥೆಗಳಲ್ಲಿ ಈ ಮನೆಗೆ ಜಾಗವಿಲ್ಲ. 1902ರಲ್ಲಿ ಚಾರ್ಲ್ಸ್ ಹೋದ ಮೇಲೆ ಇಲ್ಲಿ ಉಳಿದವರು ತಾಯಿ ಕ್ಯಾರೊಲಿನ್ ಮತ್ತು ಕಣ್ಣು ಕಳೆದುಕೊಂಡಿದ್ದ ಹಿರಿಮಗಳು ಮೇರಿ. ಅಯೋವಾದ ಅಂಧರ ಶಾಲೆಯಲ್ಲಿ ಕಲಿತು ಬಂದಿದ್ದ ಮೇರಿ ಕುದುರೆಗಳಿಗೆ ನೊಣ ಮುತ್ತದಂತೆ ಹೊದಿಸುವ ಬಲೆಗಳನ್ನು ಹೆಣೆದು ಮಾರುತ್ತಿದ್ದಳು. ತಾಯಿ ಮನೆಯಲ್ಲಿ ಬಾಡಿಗೆಗೆ ಜನರನ್ನು ಇಟ್ಟುಕೊಂಡರು. ತಂಗಿ ಕ್ಯಾರಿ ಪತ್ರಿಕೆಯ ಕಚೇರಿಯಲ್ಲಿ ಮೊಳೆ ಜೋಡಿಸುವ ಕೆಲಸ ಕಲಿತಳು. ಗಂಡಸಿಲ್ಲದ ಮನೆಯನ್ನು ಇಬ್ಬರು ಹೆಂಗಸರು ಇಪ್ಪತ್ತಕ್ಕೂ ಹೆಚ್ಚು ವರ್ಷ ತೂಗಿಸಿದ್ದನ್ನು ಯಾವ ಕಾದಂಬರಿಯೂ ಹೇಳಲಿಲ್ಲ. ಮನೆ ಉಳಿದದ್ದರಿಂದ ನಮಗೆ ಅದು ಗೊತ್ತು.

ಕಥೆ ಬಿಟ್ಟದ್ದು ಇನ್ನೂ ಇದೆ. 1880-81ರ ಭೀಕರ ಚಳಿಗಾಲದಲ್ಲಿ ಹಿಮ ತುಂಬಿ ತಿಂಗಳುಗಟ್ಟಲೆ ರೈಲು ಬರಲಿಲ್ಲ. ಹುಲ್ಲನ್ನು ಹೊಸೆದು ಕಟ್ಟಿಗೆಯಂತೆ ಉರಿಸಿ, ಕಾಫಿ ಬೀಜ ಪುಡಿ ಮಾಡುವ ಯಂತ್ರದಲ್ಲಿ ಗೋಧಿ ಬೀಸಿ ಇಂಗಲ್ಸ್ ಸಂಸಾರ ಬದುಕಿತು. ಪುಸ್ತಕದಲ್ಲಿ ಅವರು ಆರೇ ಜನ. ನಿಜದಲ್ಲಿ ಆ ಚಳಿಗಾಲವಿಡೀ ಜಾರ್ಜ್ ಮತ್ತು ಮ್ಯಾಗಿ ಮಾಸ್ಟರ್ಸ್ ಎಂಬ ಎಳೆಯ ದಂಪತಿಯೂ ಅವರ ಹಸುಗೂಸೂ ಅದೇ ಸೂರಿನಡಿ ಇದ್ದರು. ಲಾರಾ ಮೊದಲು ಬರೆದಿಟ್ಟ ಆತ್ಮಕಥೆಯ ಹಸ್ತಪ್ರತಿ 2014ರಲ್ಲಿ ಅಚ್ಚಾದ ಮೇಲೆ ಇದು ಎಲ್ಲರಿಗೂ ತಿಳಿಯಿತು. ಊರಿನ ಸ್ಮಶಾನದಲ್ಲಿ ಲಾರಾಳ ಗಂಡುಮಗುವಿನ ಕಲ್ಲಿದೆ. 1889ರಲ್ಲಿ ಹುಟ್ಟಿ, ಹೆಸರಿಡುವ ಮೊದಲೇ ಹೋದ ಕೂಸು. ಲಾರಾ ಬದುಕಿದ್ದಾಗ ಬಂದ ಯಾವ ಪುಸ್ತಕದಲ್ಲೂ ಅದರ ಸುದ್ದಿಯಿಲ್ಲ.

ಇನ್ನೊಂದನ್ನು ಹೇಳದೆ ಈ ಊರಿನ ಚರಿತ್ರೆ ಬರೆಯಕೂಡದು. 1862ರ ಕಾನೂನು ಪ್ರಕಾರ ಐದು ವರ್ಷ ಬಾಳಿ ಉಳುಮೆ ಮಾಡಿದವರಿಗೆ 160 ಎಕರೆ ಸಿಗುತ್ತಿತ್ತು. ಆ ನೆಲ ಡಕೋಟಾ ಜನರದು. ರಾಜ್ಯದ ಹೆಸರೇ ಅದನ್ನು ಹೇಳುತ್ತದೆ. ಲಾರಾ ಮೂಲನಿವಾಸಿಗಳನ್ನು ಚಿತ್ರಿಸಿದ ರೀತಿಗಾಗಿ ಅಮೆರಿಕದ ಮಕ್ಕಳ ಗ್ರಂಥಪಾಲಕರ ಸಂಘ 2018ರಲ್ಲಿ ತನ್ನ ಪ್ರಶಸ್ತಿಯಿಂದ ಅವರ ಹೆಸರು ತೆಗೆಯಿತು. ನನಗೆ ಆ ಪುಸ್ತಕಗಳ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ, ಆ ತೀರ್ಮಾನವೂ ಸರಿಯೆನಿಸುತ್ತದೆ. ಮನೆ ತೋರಿಸುವವರು ಎರಡನ್ನೂ ಹೇಳಬೇಕು.

ಹೋದ ವರ್ಷ ನಮ್ಮ ಕೂಟದ ಹಿರಿಯರೊಬ್ಬರ ನೆಲಮಾಳಿಗೆಯಲ್ಲಿ ಟ್ರಂಕೊಂದನ್ನು ತೆರೆದೆವು. ಮೊದಲ ಯುಗಾದಿಗೆ ಯಾರು ಏನು ಅಡುಗೆ ತರಬೇಕೆಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದ ಪಟ್ಟಿ ಸಿಕ್ಕಿತು. ಹನ್ನೊಂದು ಹೆಸರು. ಹತ್ತು ಮನೆಯವರನ್ನು ಗುರುತಿಸಿದೆವು. ಹನ್ನೊಂದನೆಯದು ಒಬ್ಬ ಹೆಣ್ಣುಮಗಳದು, ಇಲ್ಲಿರುವ ಯಾರಿಗೂ ಆಕೆಯ ನೆನಪಿಲ್ಲ. ಹೆಸರಿನ ಮುಂದೆ ‘ಚಿತ್ರಾನ್ನ, 40 ಜನಕ್ಕೆ’ ಎಂದಿದೆ. ಆ ಹಾಳೆಯನ್ನು ಇದ್ದ ಹಾಗೇ ಮುಂದಿನ ಪುಟದಲ್ಲಿ ಅಚ್ಚು ಹಾಕಿದ್ದೇವೆ.