ಹಣೆಯಿಂದ ಇಳಿದ ಮೂಗು

ಎತ್ತಿಗೆ ಮೂಗುದಾರ ಹಾಕುವುದನ್ನು ಹತ್ತಿರದಿಂದ ನೋಡಿದವರಿಗೆ ಮೂಗಿನ ರಚನೆಯ ಮೊದಲ ಪಾಠ ಅಲ್ಲೇ ಆಗಿರುತ್ತದೆ. ಎರಡೂ ಹೊಳ್ಳೆಗಳಲ್ಲಿ ಬೆರಳಿಟ್ಟು, ನಡುವಿನ ಗೋಡೆಯನ್ನು ಚಿವುಟಿದ ಹಾಗೆ ಹಿಡಿದು, ಎಲ್ಲಿ ತೆಳ್ಳಗೆ ಮೆತ್ತಗೆ ಸಿಗುತ್ತದೋ ಅಲ್ಲಿ ಚುಚ್ಚುತ್ತಾರೆ. ಇನ್ನಷ್ಟು ಹಿಂದಕ್ಕೆ ಹೋದರೆ ಬೆರಳಿಗೆ ಗಟ್ಟಿ ಹತ್ತುತ್ತದೆ, ಅಲ್ಲಿ ಚುಚ್ಚುವುದಿಲ್ಲ. ರಟ್ಟೀಹಳ್ಳಿ, ಹಿರೇಕೆರೂರು, ಹಾನಗಲ್ಲ, ಶಿಗ್ಗಾಂವಿ, ಸವಣೂರು ಸೇರಿದ ಈ ಹೋರಿ ಹಬ್ಬದ ಸೀಮೆಯಲ್ಲಿ ಇದನ್ನು ಯಾರೂ ಪುಸ್ತಕ ಓದಿ ಕಲಿತಿಲ್ಲ. ಅಜ್ಜಿಯರ ಬುಲಾಕು ತೂಗುತ್ತಿದ್ದುದೂ ಇದೇ ಗೋಡೆಯ ಮುಂದಿನ ಅಂಚಿನಿಂದಲೇ.

ವೈದ್ಯರ ಭಾಷೆಯಲ್ಲಿ ಈ ನಡುಗೋಡೆಗೆ ಸೆಪ್ಟಮ್ ಎಂದು ಹೆಸರು. ಬೆರಳಿಗೆ ಗಟ್ಟಿ ಹತ್ತುವುದು ಮೆಲುಮೂಳೆಯ ಒಂದು ನಾಲ್ಕು ಮೂಲೆಯ ಹಲಗೆ. ಅದರ ಹಿಂದೆ ಮೇಲ್ಗಡೆ ಒಂದು ತೆಳು ಎಲುಬಿನ ತಗಡು, ಕೆಳಗೆ ಇನ್ನೊಂದು ಎಲುಬು. ಈ ಕೆಳಗಿನದಕ್ಕೆ ಲ್ಯಾಟಿನ್ನಿನಲ್ಲಿ ವೋಮರ್ ಎನ್ನುತ್ತಾರೆ, ಅಂದರೆ ನೇಗಿಲ ಗುಳ. ಆಕಾರ ಹಾಗೇ ಇದೆ. ಹೆಸರಿಟ್ಟವನಿಗೆ ಒಕ್ಕಲುತನ ಗೊತ್ತಿತ್ತೆಂದು ಕಾಣುತ್ತದೆ.

ಮೂಗಿನ ಬೆನ್ನು ಕುಸಿಯದಂತೆ ಹಿಡಿದಿರುವುದು ಬಹುಮಟ್ಟಿಗೆ ಈ ಗೋಡೆ. ಇದನ್ನು ಮನುಷ್ಯ ಕಂಡುಕೊಂಡದ್ದು ಮೂಗು ಕಳೆದುಕೊಂಡ ಮೇಲೆ. ಆ ಕತೆಯ ದೊಡ್ಡ ಪಾಲು ನಮ್ಮ ನೆಲದಲ್ಲೇ ನಡೆದಿದೆ.

ಮೂಗು ಕೊಯ್ಯುವುದು ಕೊಲ್ಲುವುದಕ್ಕಿಂತ ಭಿನ್ನವಾದ ಶಿಕ್ಷೆ. ಶೂರ್ಪನಖಿಯ ಕತೆ ಕೇಳಿ ಬೆಳೆದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಸತ್ತವನನ್ನು ಊರು ಮರೆಯುತ್ತದೆ, ಮೂಗಿಲ್ಲದವನು ಬದುಕಿರುವಷ್ಟು ದಿನ ತನ್ನ ಸೋಲನ್ನು ಮುಖದ ಮೇಲೆ ಹೊತ್ತು ತಿರುಗಬೇಕು. ಕಳ್ಳರಿಗೆ, ನಡತೆಗೆಟ್ಟವರೆಂದು ಹೆಸರು ಹೊತ್ತ ಹೆಂಗಸರಿಗೆ, ಸೆರೆಸಿಕ್ಕ ಸೈನಿಕರಿಗೆ ಈ ಶಿಕ್ಷೆ ಶತಮಾನಗಳ ಕಾಲ ನಡೆಯಿತು. ಕಂಠೀರವ ನರಸರಾಜ ಒಡೆಯರ ಕೊನೆಗಾಲದಲ್ಲಿ ಮೈಸೂರಿನವರು ಮಧುರೆಯ ಸೀಮೆಗೆ ನುಗ್ಗಿ ಮೂಗು ಕೊಯ್ದರು, ತಿರುಮಲ ನಾಯಕನ ಕಡೆಯವರು ತಿರುಗಿ ಬಂದು ಮೈಸೂರಿನವರ ಮೂಗು ಕೊಯ್ದರು. ಅಲ್ಲಿದ್ದ ಜೆಸ್ಯೂಟ್ ಪಾದ್ರಿಗಳ ಪತ್ರಗಳು ಇದನ್ನು ಬೆಚ್ಚಿಬಿದ್ದು ದಾಖಲಿಸಿವೆ.

ಕೊಯ್ದ ಮೂಗನ್ನು ಮತ್ತೆ ಕಟ್ಟುವವರ ಸುದ್ದಿ ಸಿಗುವುದು ವಿಜಾಪುರದಿಂದ. 1686ರಲ್ಲಿ ಔರಂಗಜೇಬನ ಸೇನೆ ಆ ಕೋಟೆಗೆ ಮುತ್ತಿಗೆ ಹಾಕಿತ್ತು. ವೆನಿಸ್ಸಿನಿಂದ ಬಂದು ಹಿಂದುಸ್ತಾನದಲ್ಲಿ ವೈದ್ಯಕೀಯ ಮಾಡಿಕೊಂಡಿದ್ದ ನಿಕೊಲಾವ್ ಮನುಚ್ಚಿ ತನ್ನ ಬರಹದಲ್ಲಿ ಹೇಳುವ ಸಂಗತಿ ಇದು: ಹುಲ್ಲು ತರಲು ಹೊರಟ ಮೊಗಲ್ ಪಾಳೆಯದ ಆಳುಗಳು ವಿಜಾಪುರದವರ ಕೈಗೆ ಸಿಕ್ಕರೆ ಕೊಲ್ಲದೆ ಮೂಗು ಕೊಯ್ದು ಬಿಡುತ್ತಿದ್ದರು. ರಕ್ತ ಸುರಿಸುತ್ತ ಪಾಳೆಯಕ್ಕೆ ಮರಳಿದವರಿಗೆ ಈ ದೇಶದ ಶಸ್ತ್ರವೈದ್ಯರು ಹುಬ್ಬಿನ ಮೇಲಿನ ಹಣೆಯ ಚರ್ಮ ಬಿಡಿಸಿ, ತಿರುಚಿ, ಗಾಯದ ಮೇಲೆ ಇಳಿಸಿ ಕೂಡಿಸುತ್ತಿದ್ದರು. ಉಸಿರಾಡಲು ದಾರಿ ಉಳಿಯಲೆಂದು ಕೆಳಗೆ ಏನನ್ನೋ ಇಡುತ್ತಿದ್ದರು. ಅಂಥ ಮೂಗಿನ ಹಲವರನ್ನು ಕಂಡಿದ್ದೇನೆ, ಮೂಗೇ ಇಲ್ಲದಿದ್ದರೆ ಕಾಣುತ್ತಿದ್ದಷ್ಟು ವಿಕಾರವಾಗಿ ಅವರು ಕಾಣುವುದಿಲ್ಲ ಎನ್ನುತ್ತಾನೆ ಮನುಚ್ಚಿ. ಹೊಗಳಿಕೆ ಜಿಪುಣತನದ್ದು, ಆದರೆ ನಂಬಲು ಯೋಗ್ಯವಾದದ್ದು.

ಅದೇ ವರ್ಷ ವಿಜಾಪುರ ಬಿತ್ತು. ಆದಿಲ್‌ಶಾಹಿಯ ಸರದಾರ ಅಬ್ದುಲ್ ರವೂಫ್ ಖಾನ್ ಮೊಗಲರ ಕಡೆ ಸೇರಿ ಬಂಕಾಪುರ, ಸವಣೂರುಗಳ ಒಡೆತನ ಪಡೆದ; ಸವಣೂರಿನ ನವಾಬರ ಮನೆತನ ಅವನಿಂದ ಬೆಳೆಯಿತು. ಮುಂದಿನ ಶತಮಾನದಲ್ಲಿ ಈ ಸೀಮೆ ಮೈಸೂರು ಮತ್ತು ಮರಾಠರ ನಡುವಿನ ತುಳಿದಾಟದ ಕಣವಾಯಿತು. 1764ರಲ್ಲಿ ಪೇಶ್ವೆ ಮಾಧವರಾಯ ಹೈದರಾಲಿಯ ಸೇನೆಯನ್ನು ಸೋಲಿಸಿದ್ದು ಇಲ್ಲೇ, ಕುಮುದ್ವತಿ ದಂಡೆಯ ರಟ್ಟೀಹಳ್ಳಿಯಲ್ಲಿ. 1790ರಲ್ಲಿ ಪರಶುರಾಮ ಭಾವುವಿನ ಮರಾಠಾ ಸೇನೆ, ಜೊತೆಗೆ ಕ್ಯಾಪ್ಟನ್ ಲಿಟಲ್ಲನ ಇಂಗ್ಲಿಷ್ ತುಕಡಿ, ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿತು. 1791ರ ಕೊನೆಗೆ ಅವರು ಶಿವಮೊಗ್ಗದಲ್ಲಿ ಕಾದುತ್ತಿದ್ದರು. ನಕಾಶೆಯಲ್ಲಿ ಧಾರವಾಡ, ಶಿವಮೊಗ್ಗಗಳ ನಡುವೆ ಇರುವುದು ನಮ್ಮ ಇದೇ ಊರುಗಳು.

ಇಂಥ ದಂಡು ನಡೆಯುತ್ತಿದ್ದುದು ಎತ್ತುಗಳ ಬಲದಿಂದ. ತೋಪು ಎಳೆಯಲು ಎತ್ತು, ಅಕ್ಕಿ ಹೊರಲು ಎತ್ತು. ಆ ಎತ್ತುಗಳನ್ನು ಹೊಡೆಯುವವರ ಹೆಸರು ಯುದ್ಧದ ವರದಿಗಳಲ್ಲಿ ಬರುವುದಿಲ್ಲ. ಒಬ್ಬನ ಹೆಸರು ಮಾತ್ರ ಜಗತ್ತಿನ ವೈದ್ಯ ಪುಸ್ತಕಗಳಲ್ಲಿ ಉಳಿದಿದೆ, ಕೋವಾಸ್ಜಿ. ಕೇಳಲು ಪಾರ್ಸಿ ಹೆಸರಿನಂತಿದೆ, ಆದರೆ ಒಕ್ಕಲಿನ ಕುಲದ ಮರಾಠ ಎಂದು ಅವನನ್ನು ಬಣ್ಣಿಸಲಾಗಿದೆ. ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜಿನ್’ 1794ರ ಅಕ್ಟೋಬರ್ ಸಂಚಿಕೆಯಲ್ಲಿ ಪ್ರಕಟಿಸಿದ ಪತ್ರದ ಪ್ರಕಾರ, ಆತ 1792ರ ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಎತ್ತು ಹೊಡೆಯುವ ಆಳು. ಟಿಪ್ಪುವಿನ ಸೆರೆಯಲ್ಲಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು, ಶ್ರೀರಂಗಪಟ್ಟಣದ ಹತ್ತಿರ ಬಾಂಬೆ ಸೇನೆಯನ್ನು ಸೇರಿಕೊಂಡ. ಮುಂದೆ ಕಂಪನಿಯ ಪಿಂಚಣಿದಾರನಾದ.

ಪತ್ರ ಬರೆದವರು ಯುದ್ಧ ಗೆದ್ದ ಪಕ್ಷದವರು. ಟಿಪ್ಪುವಿನ ಕ್ರೌರ್ಯದ ಚಿತ್ರ ಲಂಡನ್ನಿನಲ್ಲಿ ಆಗ ಚೆನ್ನಾಗಿ ಮಾರಾಟವಾಗುತ್ತಿತ್ತು ಎಂಬುದನ್ನು ಓದುಗರು ನೆನಪಿಡಬೇಕು. ಹಾಗೆಯೇ, ಈ ಶಿಕ್ಷೆ ಒಬ್ಬ ಅರಸನ ಸ್ವತ್ತಾಗಿರಲಿಲ್ಲ ಎಂಬುದನ್ನು ಮೇಲೆ ನೋಡಿದೆವು. ನನಗೆ ಆ ಪತ್ರದ ಉಳಿದರ್ಧ ಹೆಚ್ಚು ಮುಖ್ಯ.

ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಮೂಗಿಲ್ಲದೆ ಇದ್ದ ಕೋವಾಸ್ಜಿಗೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಮನುಷ್ಯ ಹೊಸ ಮೂಗು ಕೂಡಿಸಿದ. ಬಾಂಬೆ ಪ್ರೆಸಿಡೆನ್ಸಿಯ ವೈದ್ಯರಾದ ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ ಇಂಥ ಶಸ್ತ್ರಕ್ರಿಯೆಯನ್ನು ಕಣ್ಣಾರೆ ಕಂಡವರು. ಮೊದಲು ಮೇಣದ ತೆಳು ಹಾಳೆಯಿಂದ ಮೂಗಿನ ಅಚ್ಚು. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ. ಆ ಗೆರೆಗುಂಟ ಚರ್ಮ ಬಿಡಿಸುವಾಗ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಮಾತ್ರ ಕತ್ತರಿಸದೆ ಬಿಡುತ್ತಾನೆ. ರಕ್ತ ಹರಿಯುವುದು ಆ ಪಟ್ಟಿಯಿಂದಲೇ. ಹಳೆಯ ಗಾಯದ ಅಂಚನ್ನು ಹೆರೆದು ಹಸಿ ಮಾಡಿ, ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಇಳಿಸಿ, ಮೇಲ್ದುಟಿಯ ಮೇಲೆ ಸೀಳಿದ ಗೀರಿನಲ್ಲಿ ಅಂಚು ಸಿಕ್ಕಿಸುತ್ತಾನೆ. ಹೊಲಿಗೆ ಇಲ್ಲ. ನೀರಿನಲ್ಲಿ ನೆನೆಸಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಬಳಿದು ಐದಾರು ಪದರ ಹಚ್ಚುತ್ತಾನೆ, ಎಲೆಯಡಿಕೆಗೆ ಹಾಕುವ ಅದೇ ಕಾಚು. ನಾಲ್ಕು ದಿನ ಕಳೆದ ಮೇಲೆ ತುಪ್ಪದಲ್ಲಿ ಅದ್ದಿದ ಬಟ್ಟೆ. ಮೂಗಿಗೆ ತುಪ್ಪ ಸವರುವುದೆಂದರೆ ನಮ್ಮಲ್ಲಿ ಆಸೆ ತೋರಿಸಿ ಮೋಸ ಮಾಡುವುದು. ಮೋಸವಿಲ್ಲದೆ ತುಪ್ಪ ಸವರಿದ್ದು ಬಹುಶಃ ಇವನೊಬ್ಬನೇ. ಹತ್ತನೆಯ ದಿನ ಹೊಳ್ಳೆಗಳಲ್ಲಿ ಮೆತ್ತನೆಯ ಬಟ್ಟೆಯ ಬತ್ತಿ. ಸುಮಾರು ಇಪ್ಪತ್ತೈದನೆಯ ದಿನ ಕಣ್ಣುಗಳ ನಡುವಿನ ಪಟ್ಟಿ ಕತ್ತರಿಸಿ ಮೂಗನ್ನು ತಿದ್ದುತ್ತಾನೆ.

ಹತ್ತನೆಯ ದಿನದ ಆ ಬತ್ತಿಯಲ್ಲಿ ಈ ವೈದ್ಯನ ತಿಳಿವಳಿಕೆ ಇದೆ. ಬರೀ ಮಾನ ಮುಚ್ಚುವುದಾಗಿದ್ದರೆ ಮುಖದ ಮೇಲೊಂದು ಮೂಗು ಕಂಡರೆ ಸಾಕಿತ್ತು. ಗಾಯ ಮಾಗುತ್ತ ಚರ್ಮ ಕುಗ್ಗುತ್ತದೆ, ಹೊಳ್ಳೆ ಮುಚ್ಚಿಕೊಳ್ಳುತ್ತದೆ ಎಂದು ಅವನಿಗೆ ಗೊತ್ತಿತ್ತು. ಜೇಮ್ಸ್ ವೇಲ್ಸ್ ಬರೆದ ಕೋವಾಸ್ಜಿಯ ಭಾವಚಿತ್ರ ಕೆತ್ತನೆಯಾಗಿ ಯುರೋಪು ಸುತ್ತಿತು, ನೋಡಿದ ಇಬ್ಬರು ವೈದ್ಯರ ಹೆಸರು ಅಚ್ಚಾಯಿತು, ಮೂಗು ಕಟ್ಟಿದವನ ಹೆಸರನ್ನು ಮಾತ್ರ ಪತ್ರ ಹೇಳುವುದಿಲ್ಲ. ಜಾತಿ ಕೇಳಿದವರು ಹೆಸರು ಕೇಳಲಿಲ್ಲ.

ಇವನ ವಿದ್ಯೆಯನ್ನು ಸುಶ್ರುತನ ಲೆಕ್ಕಕ್ಕೆ ಬರೆಯುವುದು ಈಗ ವಾಡಿಕೆ. ಸುಶ್ರುತ ಸಂಹಿತೆಯಲ್ಲಿ ಮೂಗು ಕಟ್ಟುವ ವಿಧಾನ ಇರುವುದು ನಿಜ. ಆದರೆ ಅಲ್ಲಿ ಎಲೆಯಿಂದ ಅಳತೆ ತೆಗೆದು ಚರ್ಮ ಎತ್ತುವುದು ಕೆನ್ನೆಯಿಂದ, ಹಣೆಯಿಂದಲ್ಲ. ಉಸಿರಿಗಾಗಿ ಎರಡು ನಾಳ ಇಡಬೇಕೆಂಬ ಮಾತು ಮಾತ್ರ ಎರಡೂ ಕಡೆ ಹೊಂದುತ್ತದೆ. ಹಣೆಯ ಚರ್ಮವನ್ನು ಆರಿಸಿದವರು ಸಂಸ್ಕೃತ ಓದಿದ ಪಂಡಿತರೇ ಆಗಿರಬೇಕಿಲ್ಲ. ಮಣ್ಣಿಗೆ ಆಕಾರ ಕೊಡುವ ಕೈ ಮೇಣಕ್ಕೂ ಕೊಟ್ಟೀತು.

ಪತ್ರ ಓದಿದ ಲಂಡನ್ನಿನ ಜೋಸೆಫ್ ಕಾರ್ಪ್ಯೂ ವರ್ಷಗಟ್ಟಲೆ ಯೋಚಿಸಿ, ಹೆಣಗಳ ಮೇಲೆ ಅಭ್ಯಾಸ ಮಾಡಿ, 1814ರ ಅಕ್ಟೋಬರ್ 23ರಂದು ಒಬ್ಬ ಸೇನಾಧಿಕಾರಿಗೆ ಇದೇ ರೀತಿಯಲ್ಲಿ ಮೂಗು ಕೂಡಿಸಿದ. ಅರಿವಳಿಕೆ ಇಲ್ಲದ ಕಾಲ ಅದು. ಈಥರ್ ಬಂದದ್ದು 1846ರಲ್ಲಿ. 1816ರಲ್ಲಿ ಕಾರ್ಪ್ಯೂ ತನ್ನ ಪುಸ್ತಕ ಪ್ರಕಟಿಸಿದ, ಯುರೋಪಿನ ಊರೂರಿಗೆ ವಿದ್ಯೆ ಹರಡಿತು.

ಆದರೆ ಚರ್ಮದ ಮೂಗಿಗೆ ಒಳಗೆ ಆಸರೆಯಿಲ್ಲ. ಕಂಬ ತೊಲೆ ಇಲ್ಲದ ಮನೆಯ ಮೇಲೆ ಚಪ್ಪರ ಹೊದಿಸಿದಂತೆ, ಕಾಲ ಕಳೆದಂತೆ ಅದು ಕುಗ್ಗುತ್ತಿತ್ತು. ಮುರಿದ ಮೂಗಿಗಿಂತ ಡೊಂಕಾದ ನಡುಗೋಡೆಯತ್ತ ವೈದ್ಯರ ಗಮನ ತಿರುಗಿದ್ದು ಇಪ್ಪತ್ತನೆಯ ಶತಮಾನದ ಆರಂಭಕ್ಕೆ. 1902ರಲ್ಲಿ ಅಮೆರಿಕದ ಫ್ರೀಯರ್, 1904ರಲ್ಲಿ ಜರ್ಮನಿಯ ಕಿಲಿಯನ್, ಒಳಪೊರೆ ಉಳಿಸಿಕೊಂಡು ಡೊಂಕಾದ ಮೆಲುಮೂಳೆ ತೆಗೆಯುವ ಬಗೆ ವಿವರಿಸಿದರು. ಮೇಲೆ ಒಂದು ತೊಲೆ, ಮುಂದೆ ಒಂದು ಕಂಬ ಇರುವಂತೆ ಮೆಲುಮೂಳೆಯ ಪಟ್ಟಿ ಉಳಿಸಲೇಬೇಕು, ಇಲ್ಲವಾದರೆ ಮೂಗು ಕುಸಿಯುತ್ತದೆ ಎಂಬುದು ಕಿಲಿಯನ್ನನ ಎಚ್ಚರಿಕೆ. ಈಗ ಆದಷ್ಟು ಕಡಿಮೆ ತೆಗೆದು, ನೆಟ್ಟಗೆ ಮಾಡಿ ಕೂಡಿಸುತ್ತಾರೆ.

ನಡುಗೋಡೆ ಡೊಂಕೆಂದು ವೈದ್ಯರು ಹೇಳಿದೊಡನೆ ಹೆದರುವವರಿದ್ದಾರೆ. ಪೂರ್ತಿ ನೆಟ್ಟಗಿರುವ ಗೋಡೆಯೇ ಅಪರೂಪ. ಉಸಿರಿಗೆ ತೊಂದರೆ ಇಲ್ಲದಿದ್ದರೆ ಏನೂ ಮಾಡಬೇಕಿಲ್ಲ. ಸ್ಪ್ರೇ, ಮಾತ್ರೆಗಳು ಒಳಪೊರೆಯ ಬಾವು ಇಳಿಸುತ್ತವೆ, ಗೋಡೆಯನ್ನು ನೆಟ್ಟಗೆ ಮಾಡುವುದಿಲ್ಲ. ಶಸ್ತ್ರಕ್ರಿಯೆ ಸಾಮಾನ್ಯವಾಗಿ ಹೊಳ್ಳೆಯ ಒಳಗಿನಿಂದಲೇ ನಡೆಯುವುದರಿಂದ ಮುಖದ ಮೇಲೆ ಗುರುತು ಉಳಿಯುವುದಿಲ್ಲ. ನಿಜಕ್ಕೂ ಅವಸರ ಬೇಕಾದದ್ದು ಮೂಗಿಗೆ ಪೆಟ್ಟು ಬಿದ್ದಾಗ. ಮೆಲುಮೂಳೆಗೆ ತನ್ನದೇ ರಕ್ತನಾಳಗಳಿಲ್ಲ, ಎರಡೂ ಬದಿಯ ಪೊರೆಯೇ ಅದಕ್ಕೆ ಆಹಾರ. ಪೆಟ್ಟಿನಿಂದ ನಡುವೆ ರಕ್ತ ತುಂಬಿಕೊಂಡರೆ ಕೆಲವೇ ದಿನಗಳಲ್ಲಿ ಮೆಲುಮೂಳೆ ಕರಗಿ, ಮೂಗಿನ ಬೆನ್ನು ಜೀನಿನಂತೆ ತಗ್ಗುತ್ತದೆ. ಹಬ್ಬದಲ್ಲಿ ಹೋರಿ ಹಾಯ್ದು ಬಿದ್ದ ಹುಡುಗನಿಗೆ ಎರಡೂ ಹೊಳ್ಳೆ ಕಟ್ಟಿಕೊಂಡು ಒಳಗೆ ಮೆತ್ತನೆಯ ಉಬ್ಬು ಕಂಡರೆ, ಅದೇ ದಿನ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಮೂಗು ಕೊಯ್ಯುವ ಶಿಕ್ಷೆಯ ಕಾಲ ಮುಗಿದರೂ ಹಣೆಯ ಚರ್ಮ ಇಳಿಸುವ ವಿದ್ಯೆ ನಿಂತಿಲ್ಲ. ಚರ್ಮದ ಕ್ಯಾನ್ಸರಿನಿಂದ, ಅಪಘಾತದಿಂದ ಮೂಗು ಕಳೆದುಕೊಂಡವರಿಗೆ ಇಂದೂ ಅದೇ ಮಾಡುತ್ತಾರೆ. ಒಳಗೆ ಪಕ್ಕೆಲುಬಿನ ಅಥವಾ ಕಿವಿಯ ಮೆಲುಮೂಳೆಯಿಂದ ಕಂಬ, ತೊಲೆ ಕಟ್ಟುತ್ತಾರೆ. ಕಾಚಿನ ಬದಲು ಕೂದಲೆಳೆಯಂಥ ದಾರದ ಹೊಲಿಗೆ ಇದೆ. ಹುಬ್ಬಿನ ಬಳಿಯ ಪಟ್ಟಿಯನ್ನು ಕತ್ತರಿಸುವುದು ಈಗಲೂ ಸುಮಾರು ಮೂರು ವಾರ ಕಾದ ಮೇಲೆಯೇ.