ತಟ್ಟೆಯ ಮೇಲೆ ಇಲ್ಲದ ಹೆಸರುಗಳು

1949ರಲ್ಲಿ ‘ಮಹಲ್’ ಚಿತ್ರದ ‘ಆಯೇಗಾ ಆನೇವಾಲಾ’ ಹಾಡಿನ ಗ್ರಾಮಫೋನ್ ತಟ್ಟೆ ಅಂಗಡಿಗೆ ಬಂದಾಗ ಅದರ ಮೇಲೆ ಗಾಯಕಿಯ ಹೆಸರು ‘ಕಾಮಿನಿ’ ಎಂದಿತ್ತು. ಕಾಮಿನಿ ಎಂಬ ಗಾಯಕಿ ಇರಲೇ ಇಲ್ಲ. ಅದು ತೆರೆಯ ಮೇಲೆ ಮಧುಬಾಲಾ ಮಾಡಿದ ಪಾತ್ರದ ಹೆಸರು. ಹಾಡು ಹಿಡಿಸಿದ ಕೇಳುಗರು ‘ಇದನ್ನು ಹಾಡಿದ್ದು ಯಾರು’ ಎಂದು ರೇಡಿಯೋಗೆ ಪತ್ರ ಬರೆಯತೊಡಗಿದರು. ಕೊನೆಗೆ ರೇಡಿಯೋದವರು ವಿಚಾರಿಸಿ, ಲತಾ ಮಂಗೇಶ್ಕರ್ ಎಂದು ಹೇಳಬೇಕಾಯಿತು. ಆ ಹಾಡಿಗೆ ಸಂಗೀತ ಕೊಟ್ಟ ಖೇಮ್‌ಚಂದ್ ಪ್ರಕಾಶ್ ಅವರಿಗಂತೂ ಅದರ ಯಶಸ್ಸನ್ನು ನೋಡುವ ಭಾಗ್ಯವೇ ಇರಲಿಲ್ಲ. ಚಿತ್ರ ಬಿಡುಗಡೆಯಾಗುವ ಮೊದಲೇ, ಅದೇ ವರ್ಷದ ಆಗಸ್ಟಿನಲ್ಲಿ, ತೀರಿಕೊಂಡಿದ್ದರು.

ಹಳೆಯ ಹಿಂದಿ ಹಾಡುಗಳ ಇತಿಹಾಸವನ್ನು ನಾವು ಸಾಮಾನ್ಯವಾಗಿ ಹಾಡುಗಳ ಇತಿಹಾಸವಾಗಿ ಓದುತ್ತೇವೆ. ಯಾವ ರಾಗ, ಯಾವ ಚಿತ್ರ, ಯಾರ ಕಂಠ. ನನಗೆ ಅದು ಹೆಸರುಗಳ ಇತಿಹಾಸವಾಗಿಯೂ ಕಾಣುತ್ತದೆ. ಯಾರ ಹೆಸರು ಬರಬೇಕು, ಯಾರದ್ದು ಬೇಡ ಎಂಬ ಜಗಳ ಅದರ ಉದ್ದಕ್ಕೂ ಇದೆ.

ಗಾಯಕರು ಆ ಜಗಳವನ್ನು ಮೊದಲು ಗೆದ್ದರು. ಫಿಲ್ಮ್‌ಫೇರ್ ಪ್ರಶಸ್ತಿಗಳು 1954ರಲ್ಲಿ ಶುರುವಾದವು, ಹಿನ್ನೆಲೆ ಗಾಯನಕ್ಕೆ ಮಾತ್ರ ಪ್ರಶಸ್ತಿ ಇರಲಿಲ್ಲ. ‘ಚೋರಿ ಚೋರಿ’ಗಾಗಿ ಶಂಕರ್-ಜೈಕಿಶನ್ ಪ್ರಶಸ್ತಿ ಪಡೆದಾಗ, ಸಮಾರಂಭದಲ್ಲಿ ಅದರ ಹಾಡು ಹಾಡಲು ಲತಾ ಒಪ್ಪಲಿಲ್ಲ. ಪ್ರಶಸ್ತಿ ಸಂಗೀತಕ್ಕೆ ಎಂದಾದರೆ ಸಂಗೀತವನ್ನೇ ನುಡಿಸಿ, ನಾನೇಕೆ ಹಾಡಲಿ ಎಂಬುದು ಅವರ ವಾದ. 1959ರಲ್ಲಿ ಗಾಯನಕ್ಕೂ ಪ್ರಶಸ್ತಿ ಬಂತು. ‘ಮಧುಮತಿ’ಯ ಹಾಡಿಗೆ ಮೊದಲನೆಯದನ್ನು ಪಡೆದವರೂ ಅವರೇ. ಗೀತರಚನೆಕಾರರ ಪರವಾಗಿ ಗಟ್ಟಿ ದನಿ ಎತ್ತಿದವರು ಸಾಹಿರ್ ಲೂಧಿಯಾನವಿ. ಆಕಾಶವಾಣಿಯಲ್ಲಿ ಗಾಯಕರು, ಸಂಗೀತ ನಿರ್ದೇಶಕರ ಜೊತೆಗೆ ಬರೆದವರ ಹೆಸರನ್ನೂ ಹೇಳುವ ರೂಢಿ ಬಂದದ್ದರಲ್ಲಿ ಅವರ ಹಟದ ಪಾಲು ದೊಡ್ಡದು. ವಿವಿಧ ಭಾರತಿ ಕೇಳಿ ಬೆಳೆದವರಿಗೆ ಆ ಮೂರು ಹೆಸರುಗಳ ವರಸೆ ಇವತ್ತಿಗೂ ಕಿವಿಯಲ್ಲಿರುತ್ತದೆ.

ಅಲ್ಲಿಗೆ ಪಟ್ಟಿ ಮುಗಿಯಿತು. ಆದರೆ ಹಾಡು ಆ ಮೂವರಿಂದಲೇ ಆಗುತ್ತಿರಲಿಲ್ಲ.

ಆ ಕಾಲದ ರೆಕಾರ್ಡಿಂಗನ್ನು ಒಮ್ಮೆ ಊಹಿಸಿಕೊಳ್ಳಿ. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಹಿಡಿದು ಧಾಟಿ ಕೂರಿಸುತ್ತಾರೆ. ಆದರೆ ಸ್ಟುಡಿಯೋದಲ್ಲಿ ಕಾಯುತ್ತಿರುವವರು ಹತ್ತಾರು ಪಿಟೀಲು, ಚೆಲ್ಲೊ, ಟ್ರಂಪೆಟ್, ಸ್ಯಾಕ್ಸೊಫೋನ್, ಗಿಟಾರ್, ಅಕಾರ್ಡಿಯನ್, ಢೋಲಕ್, ತಬಲಾ ವಾದಕರು. ಗಾಯಕರೂ ಅದೇ ಹೊತ್ತಿಗೆ ಹಾಡಬೇಕು. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ. ಇಷ್ಟು ಜನಕ್ಕೆ ಬಾಯಿಪಾಠ ಮಾಡಿಸಲು ಆಗುವುದಿಲ್ಲ. ಪಾಶ್ಚಾತ್ಯ ವಾದ್ಯದವರಿಗೆ ತಮ್ಮ ತಮ್ಮ ಭಾಗ ಸ್ಟಾಫ್ ನೊಟೇಶನ್‌ನಲ್ಲಿ ಬರೆದು ಕೈಗೆ ಕೊಡಬೇಕು. ಆ ಲಿಪಿ ಬಲ್ಲ ಸಂಗೀತ ನಿರ್ದೇಶಕರು ಕಡಿಮೆ. ಅದನ್ನು ಬರೆಯುತ್ತಿದ್ದವರು ಅರೇಂಜರ್‌ಗಳು. ಬರೆಯುವುದು ಎಂದರೆ ನಕಲು ಮಾಡುವುದಲ್ಲ. ಪಲ್ಲವಿಗೂ ಚರಣಕ್ಕೂ ನಡುವೆ ವಾದ್ಯಗಳು ಏನು ಹೇಳಬೇಕು, ಗಾಯಕಿ ದನಿ ಎಳೆದಾಗ ಅದರ ಅಡಿಯಲ್ಲಿ ಪಿಟೀಲುಗಳು ಯಾವ ದಾರಿ ಹಿಡಿಯಬೇಕು, ಯಾವಾಗ ಸುಮ್ಮನಿರಬೇಕು, ಇದೆಲ್ಲದರಲ್ಲೂ ಅವರ ಕೈ ಇರುತ್ತಿತ್ತು. ನಮ್ಮ ಐಟಿ ಭಾಷೆಯಲ್ಲಿ ಹೇಳುವುದಾದರೆ ಅವರು ಆರ್ಕಿಟೆಕ್ಟ್. ಟೈಟಲ್ ಕಾರ್ಡಿನಲ್ಲಿ ಅವರ ಹೆಸರು ಬಂದರೆ ‘ಸಹಾಯಕ’ ಎಂದು ಬರುತ್ತಿತ್ತು. ಹಲವು ಸಲ ಅದೂ ಇಲ್ಲ.

ಈ ಕೆಲಸದಲ್ಲಿ ಗೋವಾದವರು ಅಷ್ಟು ಜನ ಇದ್ದುದಕ್ಕೆ ಕಾರಣವಿದೆ. ಪೋರ್ಚುಗೀಸರ ಆಳ್ವಿಕೆಯಲ್ಲಿ ಅಲ್ಲಿನ ಚರ್ಚುಗಳ ಶಾಲೆಗಳಲ್ಲಿ ಮಕ್ಕಳಿಗೆ ಪಿಟೀಲನ್ನೂ ಸ್ವರಲಿಪಿಯನ್ನೂ ಕಲಿಸುತ್ತಿದ್ದರು. ಕಲಿತವರಿಗೆ ಊರಿನಲ್ಲಿ ದುಡಿಮೆ ಇರಲಿಲ್ಲ. ಮುಂಬೈಗೆ ಬಂದು ಹೋಟೆಲು, ಕ್ಲಬ್ಬುಗಳ ಬ್ಯಾಂಡುಗಳಲ್ಲಿ ಜಾಝ್ ನುಡಿಸಿದರು. ಪಾನನಿಷೇಧ ಬಂದು ಆ ಲೋಕ ಸೊರಗಿದಾಗ ಸಿನಿಮಾ ಸ್ಟುಡಿಯೋ ಕೈಹಿಡಿಯಿತು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದವರ ಕತೆಯೇ ಇದು. ನಮಗೆ ಬಿಡಿಸಿ ಹೇಳಬೇಕಿಲ್ಲ.

ಅವರಲ್ಲಿ ಚಿಕ್ ಚಾಕೊಲೇಟ್ ಎಂಬ ಅಡ್ಡಹೆಸರಿನ ಆಂಟೋನಿಯೋ ಝೇವಿಯರ್ ವಾಝ್ ಒಬ್ಬರು. ಟ್ರಂಪೆಟ್ ವಾದಕ. ಸಿ. ರಾಮಚಂದ್ರ ಅವರ ಬಲಗೈ. 1951ರ ‘ಅಲ್ಬೇಲಾ’ದಲ್ಲಿ ತಮ್ಮ ತಂಡದ ಜೊತೆ ತೆರೆಯ ಮೇಲೂ ಕಾಣುತ್ತಾರೆ. ನುಡಿಸಿದವರ ಮುಖ ಹೀಗೆ ಕಂಡದ್ದು ಅಪರೂಪ. ಇನ್ನೊಬ್ಬರು ಸೆಬಾಸ್ಟಿಯನ್ ಡಿಸೋಜಾ. ದೇಶ ವಿಭಜನೆಗೆ ಮುಂಚೆ ಲಾಹೋರಿನಲ್ಲಿ ಬ್ಯಾಂಡ್ ನಡೆಸುತ್ತಿದ್ದವರು. ಮುಂಬೈಗೆ ಬಂದ ಮೇಲೆ ಶಂಕರ್-ಜೈಕಿಶನ್ ಜೋಡಿಯ ಜೊತೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕೆಲಸ ಮಾಡಿದರು. ‘ಶಂಕರ್-ಜೈಕಿಶನ್ ಸೌಂಡ್’ ಎಂದು ನಾವು ಗುರುತಿಸುವ ಪಿಟೀಲುಗಳ ಆ ತುಂಬು ಅಲೆಯಿದೆಯಲ್ಲ, ಅದರಲ್ಲಿ ದೊಡ್ಡ ಪಾಲು ಸೆಬಾಸ್ಟಿಯನ್ ಅವರ ಲೇಖನಿಯದು ಎಂದು ನಾನಂತೂ ನಂಬುತ್ತೇನೆ. ಧಾಟಿ ಆ ಜೋಡಿಯದೇ, ಅದರಲ್ಲಿ ಅನುಮಾನವಿಲ್ಲ. ಆದರೆ ಧಾಟಿಯೊಂದೇ ಹಾಡಲ್ಲ.

(ದಕ್ಷಿಣದಲ್ಲೂ ‘ಸಹಾಯಕ’ ಎಂಬ ಪದ ಬಹಳಷ್ಟನ್ನು ಮುಚ್ಚಿಟ್ಟಿತ್ತು. ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕರಾಗಿದ್ದವರೊಬ್ಬರು ಮುಂದೆ ಇಳಯರಾಜ ಆದರು.)

ಎಲ್ಲಕ್ಕಿಂತ ವಿಚಿತ್ರವಾದದ್ದು ಆಂಟನಿ ಗೊನ್ಸಾಲ್ವಿಸ್ ಅವರ ಕತೆ. ಹೌದು, ಆ ಹೆಸರಿನವರು ನಿಜಕ್ಕೂ ಇದ್ದರು. ಗೋವಾದ ಮಜೋರ್ಡಾ ಊರಿನವರು. 1927ರಲ್ಲಿ ಹುಟ್ಟಿದವರು. ಹದಿಹರೆಯದಲ್ಲೇ ಮುಂಬೈಗೆ ಬಂದು ಪಿಟೀಲು ವಾದಕರಾಗಿ, ಅರೇಂಜರ್ ಆಗಿ ಹೆಸರು ಮಾಡಿದರು. ಮನೆಗೆ ಬಂದವರಿಗೆ ಪಿಟೀಲು ಪಾಠ ಹೇಳುತ್ತಿದ್ದರು. ಶಿಷ್ಯರಲ್ಲಿ ಪ್ಯಾರೇಲಾಲ್ ಮತ್ತು ಆರ್.ಡಿ. ಬರ್ಮನ್ ಇದ್ದರು. ಸಿನಿಮಾದ ಮೂರು ನಿಮಿಷ ಅವರಿಗೆ ಸಾಲಲಿಲ್ಲ. ನಮ್ಮ ರಾಗಗಳನ್ನು ಸಿಂಫನಿ ವಾದ್ಯವೃಂದಕ್ಕೆ ಅಳವಡಿಸಬೇಕೆಂದು 1958ರಲ್ಲಿ ತಮ್ಮದೇ ಆರ್ಕೆಸ್ಟ್ರಾ ಕಟ್ಟಿದರು. ಲತಾ ಮತ್ತು ಮನ್ನಾ ಡೇ ಅದರಲ್ಲಿ ಹಾಡಿದರು. ಅರವತ್ತರ ದಶಕದ ನಡುವೆ ಸಿನಿಮಾ ಬಿಟ್ಟು ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾಲಯಕ್ಕೆ ಹೋದರು. ತಿರುಗಿ ಬಂದ ಮೇಲೆ ಸ್ಟುಡಿಯೋದ ಕಡೆ ಮುಖ ಮಾಡದೆ ಊರು ಸೇರಿದರು.

1977ರಲ್ಲಿ ‘ಅಮರ್ ಅಕ್ಬರ್ ಆಂಟನಿ’ ಬಂತು. ಸಂಗೀತ ಲಕ್ಷ್ಮೀಕಾಂತ್-ಪ್ಯಾರೇಲಾಲ್. ದೊಡ್ಡ ಮೊಟ್ಟೆಯೊಳಗಿಂದ ಅಮಿತಾಭ್ ಬಚ್ಚನ್ ಎದ್ದು ಬಂದು ತನ್ನ ಹೆಸರು ಹೇಳಿಕೊಳ್ಳುವ ಹಾಡಿನಲ್ಲಿ ಪ್ಯಾರೇಲಾಲ್ ತಮ್ಮ ಗುರುವಿನ ಹೆಸರು ಇರಿಸಿದರು. ಪ್ರೀತಿಯಿಂದಲೇ ಕೊಟ್ಟ ಗುರುದಕ್ಷಿಣೆ. ಇಡೀ ದೇಶಕ್ಕೆ ಆ ಹೆಸರು ಬಾಯಿಪಾಠವಾಯಿತು. ಆ ಮನುಷ್ಯ ಮಾತ್ರ 2012ರ ಜನವರಿಯಲ್ಲಿ ತೀರಿಕೊಂಡಾಗ, ‘ಅರೆ, ಇವರು ನಿಜವಾಗಿ ಇದ್ದರೇ!’ ಎಂದವರೇ ಹೆಚ್ಚು. ಕಾಮಿನಿಯ ತಟ್ಟೆಯಲ್ಲಿ ಪಾತ್ರದ ಹೆಸರು ಗಾಯಕಿಯನ್ನು ಮರೆಮಾಡಿತ್ತು. ಇಲ್ಲಿ ಕಲಾವಿದನ ಹೆಸರೇ ಪಾತ್ರವಾಗಿ ಕಲಾವಿದ ಮರೆಯಾದರು.

ಹೆಸರು ಎಂದರೆ ಬರೀ ಗೌರವದ ಮಾತಲ್ಲ, ದುಡ್ಡಿನ ಮಾತು. ಅದೇ 1977ರಲ್ಲಿ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನಿರ್ಮಾಪಕರು ದುಡ್ಡು ಕೊಟ್ಟು ಬರೆಸಿದ, ಸಂಗೀತ ಹಾಕಿಸಿದ ಹಾಡಿನ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ನಿರ್ಮಾಪಕರದ್ದೇ ಎಂದಿತು. ಕವಿ, ಸಂಗೀತಗಾರರಿಗೆ ರಾಯಲ್ಟಿಯ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಅದನ್ನು ತೆರೆಯಲು 35 ವರ್ಷ ಬೇಕಾಯಿತು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿದ್ದಾಗ, 2012ರಲ್ಲಿ, ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಬಂತು. ಗೀತರಚನೆಕಾರರಿಗೂ ಸಂಗೀತ ನಿರ್ದೇಶಕರಿಗೂ ರಾಯಲ್ಟಿಯಲ್ಲಿ ಬಿಟ್ಟುಕೊಡಲಾಗದ ಪಾಲು ಸಿಕ್ಕಿತು. ಗಾಯಕರೂ ‘ಪ್ರದರ್ಶಕರು’ ಎಂಬ ನೆಲೆಯಲ್ಲಿ ಪಾಲು ಕೇಳುವಂತಾಯಿತು.

ಆ ತಿದ್ದುಪಡಿಯಲ್ಲೇ ಒಂದು ಸಣ್ಣ ಷರತ್ತಿದೆ. ಚಿತ್ರವೊಂದರಲ್ಲಿ ಯಾರ ಪಾಲು ಪ್ರಾಸಂಗಿಕವೋ, ಉದ್ಯಮದ ರೂಢಿಯಂತೆ ಕ್ರೆಡಿಟ್‌ನಲ್ಲಿ ಯಾರ ಹೆಸರು ಬರುವುದಿಲ್ಲವೋ, ಅಂಥವರು ಈ ಹಕ್ಕುಗಳ ಲೆಕ್ಕಕ್ಕೆ ‘ಪ್ರದರ್ಶಕರು’ ಅಲ್ಲ. ಬಹುಶಃ ಗುಂಪಿನ ದೃಶ್ಯದಲ್ಲಿ ನಿಲ್ಲುವವರನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಆದರೂ ಅದನ್ನು ಓದುವಾಗ ನನಗೆ ನೆನಪಾದದ್ದು ಶಿಫ್ಟ್ ಲೆಕ್ಕದಲ್ಲಿ ಸಂಭಾವನೆ ಪಡೆದು ಲೋಕಲ್ ಹಿಡಿದು ಮನೆಗೆ ಹೋದ ಪಿಟೀಲಿನವರು. ಅವರ ಹೆಸರು ಕ್ರೆಡಿಟ್‌ನಲ್ಲಿ ಬಾರದಂತೆ ನೋಡಿಕೊಂಡ ರೂಢಿ ಯಾರದ್ದೋ, ಆ ರೂಢಿಯೇ ಈಗ ಕಾನೂನಿನ ಅಳತೆಗೋಲು. 1969ರ ‘ಆರಾಧನಾ’ದಲ್ಲಿ ಕಿಶೋರ್ ಕುಮಾರ್ ಹಾಡಿದ ಮಳೆರಾತ್ರಿಯ ಹಾಡಿನ ಅಕಾರ್ಡಿಯನ್ ನುಡಿಸಿದವರು ಕೆರ್ಸಿ ಲಾರ್ಡ್. ಮೊಬೈಲಿನಲ್ಲಿ ಆ ಹಾಡು ಹಾಕಿ ಪರದೆಯ ಮೇಲೆ ಅವರ ಹೆಸರು ಹುಡುಕಿ ನೋಡಿ.